ಇಲ್ಲದ ಮೀನಿನ ವಾಸನೆ

ಹಪ್ಪಳದ ಮೈಮೇಲೆ ಎದ್ದ ಗುಳ್ಳೆಯನ್ನು ಕಂಡರೆ ಬೆರಳಿನಿಂದ ಒತ್ತಿ ಒಡೆಯದೆ ಇರಲಾರದ ಒಂದು ಚಪಲ ನನಗೆ ಚಿಕ್ಕಂದಿನಿಂದಲೂ ಉಂಟು. ಪಕ್ಕದವರ ಎಲೆಯ ಹಪ್ಪಳಕ್ಕೂ ಕೈ ಹಾಕಿ ಬೈಸಿಕೊಂಡವಳು ನಾನು. ಈ ಚಪಲವೊಂದು ಇಲ್ಲದೆ ಹೋಗಿದ್ದರೆ ನಮ್ಮ ಕಾರಿನ ಸಂಗತಿ ಇನ್ನೊಂದು ಮಳೆಗಾಲ ಕಳೆದರೂ ನನಗೆ ಗೊತ್ತಾಗುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕೊಟ್ಟಾರದ ನಮ್ಮ ಮನೆಯ ಅಂಗಳದಲ್ಲಿ ಹಳೆಯ ಬೈರಾಸು ಒದ್ದೆ ಮಾಡಿಕೊಂಡು ಕಾರು ಒರೆಸುತ್ತಿದ್ದೆ. ಡಿಕ್ಕಿಯ ಬಾಗಿಲಿನ ಕೆಳಗೆ, ತಗಡಿನ ಅಂಚಿನಲ್ಲಿ, ಬಿಳಿ ಬಣ್ಣದ ಮೇಲೆ, ಥೇಟ್ ಹಪ್ಪಳದ್ದೇ ಒಂದು ಗುಳ್ಳೆ ಕಾಣಿಸಿತು. ಒತ್ತಿದೆ. ಬಣ್ಣ ಪಟ್ಟೆಂದು ಒಡೆಯಿತು, ಅಷ್ಟಕ್ಕೇ ನಿಲ್ಲದೆ ನನ್ನ ಬೆರಳು ಕಾರಿನೊಳಕ್ಕೆ ಹೋಯಿತು.

ಹೌದು, ಒಳಕ್ಕೇ ಹೋಯಿತು. ಕಬ್ಬಿಣವೆಂದು ನಂಬಿದ್ದ ಜಾಗದಲ್ಲಿ ಕಬ್ಬಿಣವೇ ಇರಲಿಲ್ಲ ಮಾರಾಯ್ರೇ! ಕೆಂಪು ಹುಡಿ ಬೆರಳಿಗೆ ಮೆತ್ತಿಕೊಂಡಿತ್ತು, ಉಗುರಿನ ಸಂದಿಯಲ್ಲಿ ಸಿಪ್ಪೆಗಳು ಸಿಕ್ಕಿಕೊಂಡಿದ್ದವು. ನಾನು ಕೈ ಹಿಂದಕ್ಕೆಳೆದುಕೊಂಡೆ. ಈ ಡಬ್ಬಿಯೊಳಗೆ ಕೂತುಕೊಂಡು ನಾವು ಹೆದ್ದಾರಿಯಲ್ಲಿ ಟ್ಯಾಂಕರುಗಳ ನಡುವೆ ನುಸುಳಿ ಹೋಗುತ್ತಿದ್ದೆವಲ್ಲ, ನಮ್ಮ ಮತ್ತು ಲೋಕದ ನಡುವೆ ಇದ್ದದ್ದು ಒಂದು ಪದರ ಬಣ್ಣ ಮಾತ್ರ! ನಮ್ಮ ಮನೆಯವರು ದೇವಸ್ಥಾನದ ಅರ್ಚಕರು. ಬೆಳಗಿನ ಪೂಜೆ ಮುಗಿಸಿ ಬಂದವರಿಗೆ ಬೆರಳು ತೋರಿಸಿದೆ. ಅವರು ಮೊದಲು ಅದನ್ನು ಕುಂಕುಮ ಅಂದುಕೊಂಡರು.

ನಮ್ಮ ಮಂಗಳೂರಿನಲ್ಲಿ ತುಕ್ಕು ಹೊಸ ಅತಿಥಿಯೇನೂ ಅಲ್ಲ. ಇಲ್ಲಿ ಗೇಟಿನ ತಿರುಗಣಿ ವರ್ಷಕ್ಕೊಮ್ಮೆ ಅಳುತ್ತದೆ, ಕಿಟಕಿಯ ಸರಳಿಗೆ ಎಷ್ಟು ಸಲ ಬಣ್ಣ ಬಳಿದರೂ ಅದು ಸಂಕ್ರಾಂತಿಯೊಳಗೆ ತನ್ನ ಬಣ್ಣಕ್ಕೇ ಮರಳುತ್ತದೆ, ಸೀರೆಗೆ ಚುಚ್ಚಿ ಮರೆತ ಪಿನ್ನು ಮುಂದಿನ ಮದುವೆಯ ಹೊತ್ತಿಗೆ ಒಂದು ಕಲೆಯನ್ನು ಉಡುಗೊರೆ ಕೊಟ್ಟಿರುತ್ತದೆ. ಕಡಲು ನಮ್ಮ ಕಣ್ಣಿಗೆ ಬೀಳದಿದ್ದ ದಿನವೂ ಅದರ ಉಸಿರು ನಮ್ಮ ಅಡುಗೆಮನೆಯವರೆಗೆ ಬಂದು ಹೋಗುತ್ತದೆ. ಹಾಗಾಗಿ ನಾವು ತುಕ್ಕಿನೊಂದಿಗೆ ಒಂದು ಬಗೆಯ ದಾಕ್ಷಿಣ್ಯದ ಸಂಬಂಧ ಇಟ್ಟುಕೊಂಡವರು. ಹೊರಗಿನಿಂದ ಬಂದದ್ದನ್ನು ಉಜ್ಜಿ, ಬಳಿದು, ಸಾಗಹಾಕುತ್ತೇವೆ. ಆದರೆ ಒಳಗಿನಿಂದ ತಿಂದುಕೊಂಡು ಬಂದು, ಕೊನೆಯ ಕ್ಷಣದವರೆಗೂ ಮೇಲೆ ಹೊಳಪು ಉಳಿಸಿಕೊಂಡು, ಮುಟ್ಟಿದಾಗ ಮಾತ್ರ ಬಾಯಿ ತೆರೆಯುವ ಈ ತುಕ್ಕು ಬೇರೆ ಜಾತಿಯದು. ಅದನ್ನು ಕಂಡಾಗ ಸಿಟ್ಟಿಗಿಂತ ಮೊದಲು ಅವಮಾನವಾಗುತ್ತದೆ.

ಕಾರಿನೊಂದಿಗೆ ಬಂದ ವಾರಂಟಿ ಪುಸ್ತಕವನ್ನು ಹುಡುಕಿ ತೆಗೆದೆ. ಪುಣ್ಯಕ್ಕೆ ಅವಧಿ ಇನ್ನೂ ಮುಗಿದಿರಲಿಲ್ಲ. ಬರೆದಿದ್ದ ನಿಯಮವನ್ನು ನಮ್ಮ ಭಾಷೆಗೆ ತಂದರೆ ಇಷ್ಟೇ: ತುಕ್ಕು ಒಳಗಿನಿಂದ ಹೊರಗೆ ತೂತು ಕೊರೆದಿದ್ದರೆ ಕಂಪೆನಿಯೇ ಸರಿಮಾಡಿಕೊಡುತ್ತದೆ, ಆದರೆ ಉಪ್ಪು, ರಾಸಾಯನಿಕ ಇತ್ಯಾದಿಗಳನ್ನು ನೀವೇ ತಂದು ಸುರಿದುಕೊಂಡಿದ್ದರೆ ಕಂಪೆನಿ ಜವಾಬ್ದಾರವಲ್ಲ. ಓದಿ ಸಮಾಧಾನವಾಯಿತು. ಪೂಜೆಯ ಪಾತ್ರೆ, ದರ್ಭೆ, ಹೋಮದ ಸಮಿತ್ತು ಬಿಟ್ಟರೆ ನಮ್ಮ ಡಿಕ್ಕಿ ಇನ್ನೇನನ್ನೂ ಕಂಡದ್ದಿಲ್ಲ ಎಂದೇ ನನ್ನ ನಂಬಿಕೆ.

ಇಲ್ಲಿ ಹೇಮಾಳ ವಿಷಯ ಹೇಳಬೇಕು. ನಾನು ಅತ್ತಾವರದ ಒಂದು ಆಸ್ಪತ್ರೆಯ ಕಚೇರಿಯಲ್ಲಿ ಕೆಲಸ ಮಾಡುವವಳು; ನನ್ನ ಪಕ್ಕದ ಮೇಜಿನವಳು ಹೇಮಾ. ಹೊಸಬೆಟ್ಟಿನಲ್ಲಿ ಕಡಲ ಬದಿಗೆ ಅವಳ ತವರುಮನೆ, ಅಪ್ಪನಿಗೆ ದೋಣಿ ಇತ್ತು, ಅಣ್ಣಂದಿರು ಈಗಲೂ ಬೋಟಿಗೆ ಹೋಗುತ್ತಾರೆ. ಗಂಡ ಗಲ್ಫಿನಲ್ಲಿ ಇರುವುದರಿಂದ ಅವಳು ತಾಯಿಯ ಜೊತೆಗೇ ಇರುವುದು. ಇಬ್ಬರೂ ಒಟ್ಟಿಗೇ ಡ್ರೈವಿಂಗ್ ಕಲಿತು, ಒಬ್ಬಳಿಗೆ ಇನ್ನೊಬ್ಬಳ ಧೈರ್ಯವೆಂದು ಒಂದೇ ತಿಂಗಳಲ್ಲಿ ಒಂದೇ ಕಂಪೆನಿಯ ಒಂದೇ ಮಾದರಿಯ ಕಾರು ಕೊಂಡವರು. ಅವಳ ತಾಯಿಗೆ ಸೊಂಟದ ಮೂಳೆ ಮುರಿದ ಮೇಲೆ ಬಸ್ಸು ಹತ್ತಲು ಆಗುವುದಿಲ್ಲ. ವಾರವಾರ ಆಸ್ಪತ್ರೆಗೆ ಕರೆತರಲು ಆ ಕಾರೇ ಗತಿ. ಆ ಕಾರಿಗೂ ಅದೇ ಜಾಗದಲ್ಲಿ ತೂತು ಬಿದ್ದು, ಮಳೆ ಬಂದರೆ ಹಿಂದಿನಿಂದ ನೀರು ನುಗ್ಗಿ ಆ ಅಮ್ಮನ ಕಾಲಿನವರೆಗೂ ಬರುತ್ತಿತ್ತು.

ನನಗಿಂತ ಮುಂಚೆ ವಾರಂಟಿಗೆ ಹೋದವಳು ಅವಳೇ. ಕಂಪೆನಿಯಿಂದ ಪರಿಶೀಲನೆಗೆ ಬಂದ ಅಧಿಕಾರಿ ಅವಳ ಹೆಸರು ಕೇಳಿ, ಮನೆ ಎಲ್ಲಿ ಎಂದು ಕೇಳಿ, ತೂತಿಗೆ ಟಾರ್ಚು ಹಾಕಿ, "ನೀವು ಮೀನಿನವರಲ್ವಾ ಮೇಡಂ, ಐಸಿನ ನೀರು ಬಿದ್ದಿರ್ತದೆ, ಅದಕ್ಕೆ ಕಂಪೆನಿ ಎಂತ ಮಾಡುದು?" ಎಂದು ನಕ್ಕು, ಆಗುವುದಿಲ್ಲ ಎಂದುಬಿಟ್ಟಿದ್ದರಂತೆ. ಇದನ್ನು ಹೇಳುವಾಗ ಹೇಮಾಳ ಮುಖ ಕೆಂಪಾಗಿತ್ತು. "ನಮ್ಮಲ್ಲಿ ಮೀನು ಬಾಗಿಲಿಗೇ ಬರ್ತದೆ ಮಾರಾಯ್ತಿ. ಕಾರಲ್ಲಿ ಮೀನು ಹೊತ್ಕೊಂಡು ಹೋಗುದು ಪೇಟೆಯವರು, ನಾವಲ್ಲ. ಇಲ್ಲ ಅಂತ ಹೇಳಿದೆ. ನಾನು ಇಲ್ಲ ಅಂದದ್ದಕ್ಕೆ ಬೆಲೆಯೇ ಇಲ್ಲ" ಎಂದಳು. ರಿಪೇರಿ ಸಿಗದ್ದಕ್ಕಿಂತ ಸುಳ್ಳಿ ಎನ್ನಿಸಿಕೊಂಡದ್ದು ಅವಳನ್ನು ಹೆಚ್ಚು ಸುಟ್ಟಿತ್ತು. ನಾನು ಛೇ ಛೇ ಎಂದೆ, ಹೌದೌದು ಎಂದೆ. ಆದರೆ ಒಳಗೊಳಗೆ, ಒಮ್ಮೆಯಾದರೂ ತಂದಿರಲಿಕ್ಕಿಲ್ಲವೇ ಎಂಬ ಅನುಮಾನ ನನ್ನನ್ನೂ ಮುಟ್ಟಿ ಹೋಯಿತು.

ನನ್ನ ಸರದಿ ಬಂತು. ಹೆದ್ದಾರಿ ಬದಿಯ ಅದೇ ಸರ್ವಿಸ್ ಸೆಂಟರ್, ಅದೇ ಅಧಿಕಾರಿ. ಊರಿನವರೇ, ತುಳು ಮಾತಾಡುತ್ತಾರೆ, ಸೌಜನ್ಯದ ಮನುಷ್ಯ. ನಾನೇ ಮುಂದೆ ಬಿದ್ದು ಡಿಕ್ಕಿ ತೆರೆದು ತೋರಿಸಿದೆ. ಅವರು ಬಗ್ಗಿದವರೇ ಮೂಗು ಸಿಂಡರಿಸಿದರು. "ಎಂತದೋ ವಾಸನೆ ಉಂಟಲ್ಲ ಮೇಡಂ. ಮೀನು ಗೀನು…" ಎಂದು ಶುರುಮಾಡಿದವರು ಕೈಯಲ್ಲಿದ್ದ ಕಾಗದದಲ್ಲಿ ನನ್ನ ಹೆಸರಿನ ಕೊನೆಯ ಭಾಗ ನೋಡಿ ನಾಲಿಗೆ ಕಚ್ಚಿಕೊಂಡರು. "ಓ, ಭಟ್ರ ಮನೆಯವರು! ಕ್ಷಮಿಸಿ ಅಮ್ಮ, ಬಾಯಿ ತಪ್ಪಿ ಬಂತು." ಮತ್ತೆ ಪ್ರಶ್ನೆಯೇ ಇಲ್ಲ. ಇದು ತಯಾರಿಕೆಯಲ್ಲೇ ಆದ ದೋಷ, ಜೋಡಣೆಯ ಜಾಗಕ್ಕೆ ಹಚ್ಚಬೇಕಾದ ಅಂಟು ಸರಿಯಾಗಿ ಹಚ್ಚಿಲ್ಲ, ನಿಮ್ಮದು ಪಾಸು ಎಂದು ಅವರೇ ಹೇಳಿದರು. ಸೋಮವಾರ ಡಿಕ್ಕಿ ಖಾಲಿ ಮಾಡಿ ಕಾರು ತಂದುಬಿಡಬೇಕಂತೆ. ಅವರು ತರಿಸಿದ ಚಹಾ ಆರುವ ಮೊದಲು ಎಲ್ಲ ಮುಗಿದಿತ್ತು.

ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಖುಷಿಯಾಯಿತು. ಖುಷಿಯೊಳಗೆ ಒಂದು ಚಿಟಿಕೆ ಜಂಬವೂ ಇತ್ತು. ಮೀನು ಎಂಬ ಮಾತಿಗೆ ನಾನು ಸಿಟ್ಟಾಗುವ ಮೊದಲೇ ಅವರು ಕ್ಷಮೆ ಕೇಳಿದ್ದರಲ್ಲ, ಆ ಕ್ಷಮೆಯನ್ನು ನಾನು ಬಾಕಿ ಬಂದ ಮರ್ಯಾದೆ ಎಂಬಂತೆ ತೆಗೆದುಕೊಂಡು ಮನೆಗೆ ಬಂದೆ.

ಮನೆಗೆ ಬಂದು ಡಿಕ್ಕಿ ಖಾಲಿ ಮಾಡಲು ಹೊರಟೆ. ಪಾತ್ರೆಗಳನ್ನು ತೆಗೆದೆ, ಗೋಣಿ ತೆಗೆದೆ, ಅಡಿಯ ಕಾರ್ಪೆಟ್ಟನ್ನು ಎತ್ತಿದೆ. ಸ್ಟೆಪ್ನಿ ಟಯರಿನ ಸುತ್ತ, ಆ ಗುಂಡಿಯ ತಳದಲ್ಲಿ, ಬಿಳಿಯ ಕಲ್ಲುಸಕ್ಕರೆಯ ಹಾಗೆ ಏನೋ ಹೆಪ್ಪುಗಟ್ಟಿ ಕೂತಿತ್ತು. ಅಂಚಿನ ಕಡೆ ಅದು ಕೆಂಪಗಾಗಿ, ತೂತಿನ ತನಕ ಹರಿದಿತ್ತು. ಒಂದು ಹರಳನ್ನು ಕಿತ್ತು ನಾಲಿಗೆಯ ತುದಿಗಿಟ್ಟೆ. ಉಪ್ಪು! ಜೊತೆಗೇ ಆ ವಾಸನೆ, ಅಧಿಕಾರಿಯ ಮೂಗಿಗೆ ಮೀನೆಂದು ತೋರಿದ ಆ ಹುಳಿಹುಳಿ ನಾತ, ನನ್ನ ಮೂಗಿಗೆ ಪರಿಚಯದ ಒಂದು ಮಳೆಗಾಲದ ಮಧ್ಯಾಹ್ನವನ್ನು ತಂದು ನಿಲ್ಲಿಸಿತು. ಅದು ನಮ್ಮ ಅತ್ತೆಯವರ ಉಪ್ಪಡ್ ಪಚ್ಚಿಲಿನ ವಾಸನೆ.

ಕರಾವಳಿಯವರಲ್ಲದವರಿಗೆ ಒಂದು ಮಾತು. ಬೇಸಗೆಯಲ್ಲಿ ಬಲಿತ ಹಲಸಿನಕಾಯಿಯ ತೊಳೆಗಳನ್ನು ಬಿಡಿಸಿ, ಹರಳುಪ್ಪಿನ ನಡುವೆ ಪದರ ಪದರವಾಗಿ ತುಂಬಿ, ಮೇಲೆ ಕಲ್ಲು ಹೇರಿಟ್ಟರೆ ಅದು ತನ್ನ ನೀರನ್ನು ತಾನೇ ಬಿಟ್ಟುಕೊಂಡು, ಮಳೆ ಸುರಿದು ತರಕಾರಿ ಸಿಗದ ಆಟಿಯ ತಿಂಗಳಲ್ಲಿ ಪಲ್ಯವಾಗಿ, ಎಣ್ಣೆಯಲ್ಲಿ ಕರಿದ ಉಂಡೆಯಾಗಿ ಎಲೆಗೆ ಬರುತ್ತದೆ. ಉಪ್ಪುನೀರಿನ ವಾಸನೆಯನ್ನು ಗೆದ್ದವರಿಗೆ ಅದರ ರುಚಿಯ ಮುಂದೆ ಬೇರೆ ಯಾವುದೂ ಬೇಡ. ಅತ್ತೆಯವರು ಇದರಲ್ಲಿ ನಿಪುಣೆ. ಬಂಧುಗಳ ಪೈಕಿ ಅವರ ಕೈಯದ್ದಕ್ಕೇ ಹೆಸರು.

ಕೇಳಿದೆ. ಅವರು ಅಷ್ಟೇ ಸಹಜವಾಗಿ ಹೇಳಿದರು. ಕಾಟಿಪಳ್ಳದಲ್ಲಿರುವ ಮಗಳಿಗೆ ಪ್ರತಿ ಆಟಿಯಲ್ಲಿ ಪೇಂಟಿನ ಖಾಲಿ ಬಕೆಟಿನಲ್ಲಿ ತುಂಬಿ ಕೊಂಡುಹೋಗುವುದು. ಮಡಿಯಲ್ಲಿ ಹಾಕಿದ ಪದಾರ್ಥವನ್ನು ಎಲ್ಲರೂ ಕೂತೆದ್ದ ಸೀಟಿನಲ್ಲಿ ಇಡಲಾಗುವುದಿಲ್ಲವಾದ್ದರಿಂದ ಡಿಕ್ಕಿಯಲ್ಲಿ ಇಡುವುದು. ಯಾರೂ ಮುಟ್ಟಬಾರದೆಂದು ಇಡುವುದೂ ತೆಗೆಯುವುದೂ ತಾವೇ. ದಾರಿಯ ಹೊಂಡಗಳಿಗೆ ಅದು ತುಳುಕುವುದುಂಟು. "ತುಳುಕಿದ್ರೆ ನಾನು ಬಿಡ್ತೇನಾ ಶೈಲಾ? ಪ್ರತಿ ಸಲ ಒಂದು ಚೆಂಬು ಶುದ್ಧ ನೀರು ಹೊಯ್ದು ತೊಳೆದಿದ್ದೇನೆ" ಎಂದರು, ಹೆಮ್ಮೆಯಿಂದ. ಆ ಚೆಂಬಿನ ನೀರು ಉಪ್ಪನ್ನು ಕಾರ್ಪೆಟ್ಟಿನ ಕೆಳಗೆ, ಗುಂಡಿಗೆ, ಗುಂಡಿಯಿಂದ ತಗಡಿನ ಜೋಡಣೆಯೊಳಕ್ಕೆ ಭಕ್ತಿಯಿಂದ ಮುಟ್ಟಿಸಿತ್ತು. ಅಯ್ಯೋ ದೇವರೇ, ನಗಲೋ ಅಳಲೋ! ನಮ್ಮ ಕಾರನ್ನು ತಿಂದದ್ದು ಕಡಲಲ್ಲ, ಕಂಪೆನಿಯಲ್ಲ, ನಮ್ಮ ಮಡಿಯೇ.

ಸೋಮವಾರ ಕಾರನ್ನು ಸರ್ವಿಸ್ ಸೆಂಟರಿಗೆ ಒಯ್ಯಲಿಲ್ಲ, ಆಸ್ಪತ್ರೆಗೇ ಒಯ್ದೆ. ಅಲ್ಲಿ ಹೇಮಾಳನ್ನು ಪಾರ್ಕಿಂಗಿಗೆ ಎಳೆದುಕೊಂಡು ಹೋಗಿ, ನಿನ್ನ ಡಿಕ್ಕಿ ತೆಗೆ ಎಂದೆ. ಅವಳು ತೆಗೆದಳು, ಕಾರ್ಪೆಟ್ಟನ್ನು ನಾನೇ ಎತ್ತಿದೆ. ಸ್ಟೆಪ್ನಿಯ ಅಡಿಯಲ್ಲಿ ತೂತಿನಿಂದ ಬಂದ ಸ್ವಲ್ಪ ಮಳೆನೀರಿನ ಗುರುತು, ಒಂದಿಷ್ಟು ಧೂಳು, ಅಷ್ಟೇ. ಉಪ್ಪಿನ ಒಂದು ಹರಳಿಲ್ಲ. ಮೂಗು ಹತ್ತಿರ ಒಯ್ದು ನಾಚಿಕೆ ಬಿಟ್ಟು ಮೂಸಿದೆ. ಹೊಸ ರಬ್ಬರಿನ ವಾಸನೆ ಇನ್ನೂ ಉಳಿದಿತ್ತು. ಜೋಡಣೆಯ ಜಾಗದಲ್ಲಿ, ಅಂಟು ಇರಬೇಕಾದ ಗೆರೆ ಅರ್ಧಕ್ಕೇ ನಿಂತುಹೋಗಿದ್ದದ್ದು ನನ್ನಂಥವಳ ಕಣ್ಣಿಗೂ ಕಾಣಿಸುತ್ತಿತ್ತು. ಆ ಅಧಿಕಾರಿ ನನಗೆಂದು ಹೇಳಿದ ಕಾರಣ ಇಲ್ಲಿ ಇತ್ತು, ಅವಳಿಗೆಂದು ಹೇಳಿದ ಕಾರಣ ನನ್ನಲ್ಲಿ ಇತ್ತು.

ನೀವು ಎಂದಾದರೂ ಯೋಚಿಸಿದ್ದೀರೋ ಇಲ್ಲವೋ, ನಮ್ಮಲ್ಲಿ ಕೆಲವರ ಹೆಸರಿಗೆ ಹುಟ್ಟುವಾಗಲೇ ಒಂದು ವಾರಂಟಿ ಸಿಕ್ಕಿರುತ್ತದೆ. ಅದಕ್ಕೆ ಅವಧಿಯಿಲ್ಲ, ಶರತ್ತಿಲ್ಲ, ನಾವು ಅದನ್ನು ಕೇಳಿರುವುದೂ ಇಲ್ಲ. ಅಂಗಡಿಯಲ್ಲಿ, ಕಚೇರಿಯಲ್ಲಿ, ಬಾಡಿಗೆ ಮನೆ ಹುಡುಕುವಲ್ಲಿ ನಮ್ಮ ಇಲ್ಲ ಎಂಬ ಮಾತು ಇಲ್ಲ ಎಂದೇ ನಡೆಯುತ್ತದೆ. ಇನ್ನೊಬ್ಬರ ಇಲ್ಲ ಮಾತ್ರ ಬಾಯಿಯಿಂದ ಹೊರಬರುವಾಗಲೇ ಅನುಮಾನವಾಗಿರುತ್ತದೆ. ನನಗೆ ಇಷ್ಟು ವಯಸ್ಸಾದರೂ ಇದು ತಲೆಗೆ ಹೋಗಿರಲಿಲ್ಲ, ಒಂದು ಡಿಕ್ಕಿಯ ಅಡಿಯಲ್ಲಿ ಬಗ್ಗಿ ನೋಡುವ ತನಕ. ನಾನು ಇಲ್ಲ ಎಂದು ಹೇಳಬೇಕಾಗಿಯೂ ಬರಲಿಲ್ಲವಲ್ಲ ಎಂಬುದೇ ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು. ಒಳಗೆ ಎಷ್ಟು ತಿಂದುಹೋಗಿದ್ದರೂ ಮೇಲಿನ ಬಣ್ಣ ನೋಡಿ ದಾಟಿಸಿಬಿಡುವ ಈ ಏರ್ಪಾಡಿನಲ್ಲಿ ನಾನು ಚಹಾ ಕುಡಿದು, ಥ್ಯಾಂಕ್ಸ್ ಹೇಳಿ ಬಂದಿದ್ದೆ.

ಮನೆಯಲ್ಲಿ ಹೇಳಿದಾಗ ನಮ್ಮವರು ಮೊದಲು, "ಸಿಕ್ಕಿದ್ದನ್ನು ಯಾಕೆ ಕಳ್ಕೊಳ್ಳುದು? ಹೇಮಾನಿಗೆ ಬೇರೆ ಏನಾದ್ರೂ ಸಹಾಯ ಮಾಡುವ" ಎಂದರು. ಕೆಟ್ಟ ಮನುಷ್ಯನಲ್ಲ, ಆದರೆ ಗಲಾಟೆ ಎಂದರೆ ಆಗದು. ಅತ್ತೆಯವರು ಮಾತ್ರ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಅವರಿಗೆ ಹೇಮಾ ಗೊತ್ತು. ಆಟಿಯಲ್ಲಿ ಅವರು ಕಟ್ಟಿಕೊಡುವ ಪಲ್ಯದ ಡಬ್ಬಿಯಲ್ಲಿ ಅರ್ಧ ಅವಳ ಪಾಲು, ಖಾಲಿ ಡಬ್ಬಿಯ ಜೊತೆ ಇನ್ನಷ್ಟು ಬೇಕು ಎಂಬ ಬೇಡಿಕೆಯನ್ನೂ ಕಳಿಸುವವಳು ಅವಳು. ಅತ್ತೆಗೆ ಮೊದಲು ಸಿಟ್ಟು ಬಂದದ್ದು ತಮಾಷೆಯ ಕಾರಣಕ್ಕೆ: "ನನ್ನ ಉಪ್ಪಡಿಗೆ ಮೀನಿನ ವಾಸನೆ ಅಂದನಾ ಅವ?" ಆಮೇಲೆ ಬತ್ತಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಅವಳಲ್ಲಿ ಇಲ್ಲದ ಮೀನು ಅವನಿಗೆ ಕಂಡಿತು. ನಮ್ಮಲ್ಲಿ ಇದ್ದ ಉಪ್ಪು ಕಾಣ್ಲಿಲ್ಲ. ನಾಳೆ ನನ್ನನ್ನು ಅಲ್ಲಿಗೆ ಕರ್ಕೊಂಡು ಹೋಗು. ಅವಳನ್ನೂ ಬರ್ಲಿಕ್ಕೆ ಹೇಳು" ಎಂದರು.

ಹೊರಗೆ ಒಂದು ಗುಟುಕು ನೀರು ಕುಡಿಯದ, ಪರಕೀಯರ ಕುರ್ಚಿಯಲ್ಲಿ ಕೂರಲು ಹಿಂಜರಿಯುವ ಅತ್ತೆ, ಸರ್ವಿಸ್ ಸೆಂಟರಿನ ತಣ್ಣನೆ ಕೋಣೆಯ ಸೋಫಾದ ತುದಿಯಲ್ಲಿ ಸೆರಗು ಹೊದ್ದು ಕೂತದ್ದನ್ನು ನೀವು ನೋಡಬೇಕಿತ್ತು. ಅಧಿಕಾರಿ ಬಂದವರು ಕೈಮುಗಿದರು. "ಅಮ್ಮ, ನಿಮ್ಮದು ಪಾಸಾಗಿದೆ, ಇನ್ನೆಂತ?" ಎಂದರು. "ಅದೇ ತಪ್ಪಾದ್ದು ಮಗಾ" ಎಂದರು ಅತ್ತೆ. ಹೊರಗೆ ಕರೆದುಕೊಂಡು ಹೋಗಿ ನಮ್ಮ ಡಿಕ್ಕಿಯ ಕಾರ್ಪೆಟ್ಟನ್ನು ತಾವೇ ಎತ್ತಿದರು. "ಇದು ಉಪ್ಪು. ನಾನು ಚೆಲ್ಲಿದ್ದು. ಹಲಸಿನ ತೊಳೆಯದ್ದು. ನಿನ್ನ ಮೂಗಿಗೆ ವಾಸನೆ ಬಂದಿತ್ತಲ್ಲ, ಕೇಳ್ಬೇಕಿತ್ತು. ಯಾಕೆ ಕೇಳ್ಲಿಲ್ಲ?"

ಅಧಿಕಾರಿ ಬಗ್ಗಿ ಆ ಹರಳನ್ನು ಮುಟ್ಟಿ ನೋಡಿದರು. "ನಮ್ಮ ಹೆಸರು ನೋಡಿ ನೀನು ಬಿಟ್ಟೆ. ಅವಳ ಹೆಸರು ನೋಡಿ ಹಿಡಿದೆ. ಕಾರು ನೋಡ್ಲಿಕ್ಕೆ ಬಂದವ ನೀನು. ಕಾರು ನೋಡಿದ್ದು ಯಾವಾಗ ಹಾಗಾದ್ರೆ?" ಎಂದರು ಅತ್ತೆ. ಧ್ವನಿ ಏರಿಸಲಿಲ್ಲ, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಅದೇ ಧ್ವನಿ. "ನಮ್ಮದು ಆಗುದಿಲ್ಲ ಅಂತ ಬರಿ. ಆಮೇಲೆ ಅವಳದ್ದು ನೋಡು." ಹೇಮಾ ಅಷ್ಟು ಹೊತ್ತೂ ತನ್ನ ಕಾರಿಗೆ ಒರಗಿಕೊಂಡು, ಕೀಲಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು.

ಕೊನೆಗೆ ಏನಾಯಿತೆಂದು ನಿಮಗೆ ಆತುರವಿರಬಹುದು, ಹೇಳಿಬಿಡುತ್ತೇನೆ. ಅವಳ ಕಾರನ್ನು ಕಂಪೆನಿಯೇ ಹೊಸ ತಗಡು ಹಾಕಿ, ಬಣ್ಣ ಬಳಿದು ಕೊಟ್ಟಿತು. ನಮ್ಮದನ್ನು ನಾವೇ ಮಾಡಿಸಿಕೊಂಡೆವು. ಅವಳ ತಾಯಿ ಈಗ ಕಾಲು ಒದ್ದೆ ಮಾಡಿಕೊಳ್ಳದೆ ಆಸ್ಪತ್ರೆಗೆ ಬರುತ್ತಾರೆ. ಆದರೆ ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುವುದು ಇದಕ್ಕಲ್ಲ, ಆ ಮಧ್ಯಾಹ್ನ ಸರ್ವಿಸ್ ಸೆಂಟರಿನ ಅಂಗಳದಲ್ಲಿ ಆಮೇಲೆ ನಡೆದ ಒಂದು ಸಣ್ಣ ಸಂಗತಿಗೆ.

ಅಧಿಕಾರಿ ಹೇಮಾಳ ಕಾರಿನ ಹಿಂದೆ ಹೋಗಿ ಡಿಕ್ಕಿಯ ಹಿಡಿ ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು. ಆ ಡಿಕ್ಕಿಯ ಬೀಗ ಹಿಂದಿನ ವರ್ಷದಿಂದಲೇ ಬಿಗಿಯಾಗಿಹೋಗಿದೆ. ಒಂದು ಕೈಯಲ್ಲಿ ಬಾಗಿಲನ್ನು ಗಟ್ಟಿಯಾಗಿ ಒಳಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಿಡಿಯನ್ನು ಎತ್ತಿದರೆ ಮಾತ್ರ ತೆರೆಯುತ್ತದೆ, ಒಮ್ಮೆ ತೆರೆದವರು ಅದನ್ನು ಮರೆಯುವುದಿಲ್ಲ. ಅವರು ಬಗ್ಗಿ ನೋಡಿದರು, ತಟ್ಟಿ ನೋಡಿದರು, ಕೊನೆಗೆ ನೆಟ್ಟಗಾಗಿ, "ಇದು ತೆಗೆಯುದು ಹೇಗೆ ಮೇಡಂ?" ಎಂದು ಕೇಳಿದರು.

ಕೀಲಿ ಸುತ್ತುತ್ತಿದ್ದ ಹೇಮಾಳ ಬೆರಳು ನಿಂತಿತು.

"ಮೊನ್ನೆ ಹೇಗೆ ತೆಗೆದ್ರಿ ಸರ್," ಎಂದಳು, "ಹಾಗೇ ತೆಗೀರಿ."